ಲಘು ಸ್ಪೋರ್ಟ್ಸ್ ಕಾರಿನ ಪಂದ್ಯಪಥ ಸಿದ್ಧತೆ

ಸಾರ್ವಜನಿಕ ರಸ್ತೆಗಳಲ್ಲಿ ಓಡುವುದಕ್ಕೆಂದು ತಯಾರಾದ, ಸಾಮಾನ್ಯವಾಗಿ ಎರಡೇ ಆಸನಗಳುಳ್ಳ, ಸುಮಾರು 1,100 ಕಿಲೋಗ್ರಾಂ ಮೀರದ ತೂಕದ ಕಾರೊಂದನ್ನು, ಅದರ ರಸ್ತೆಯೋಗ್ಯತೆ ಕೆಡದಂತೆ, ಮುಚ್ಚಿದ ಪಂದ್ಯಪಥದಲ್ಲಿ ಪೂರ್ಣಸಾಮರ್ಥ್ಯದಿಂದ ಪುನಃ ಪುನಃ ಓಡಿಸಲು ತಕ್ಕುದಾಗುವ ಹಾಗೆ ಪರೀಕ್ಷಿಸಿ, ದುರಸ್ತುಗೊಳಿಸಿ, ಆವಶ್ಯಕವಾದ ಭಾಗಗಳನ್ನು ಬದಲಿಸುವ ಕಾರ್ಯಸಮುಚ್ಚಯಕ್ಕೆ ಲಘು ಸ್ಪೋರ್ಟ್ಸ್ ಕಾರಿನ ಪಂದ್ಯಪಥ ಸಿದ್ಧತೆ ಎಂದು ಹೆಸರು.

ಪಂದ್ಯಪಥದ ಒಡೆಯರಾಗಲಿ ಸಂಘಟಕರಾಗಲಿ ಶುಲ್ಕ ತೆತ್ತವರಿಗೆ ಒಂದು ದಿನದ ಮಟ್ಟಿಗೆ ಪಥವನ್ನು ತೆರೆದಿಟ್ಟು, ಅವರು ತಮ್ಮ ತಮ್ಮ ಕಾರುಗಳನ್ನು ಯಥಾಶಕ್ತಿ ಓಡಿಸಲು ಅವಕಾಶ ಕಲ್ಪಿಸುವ ಏರ್ಪಾಟಿಗೆ ಟ್ರ್ಯಾಕ್ ಡೇ ಎಂಬ ಹೆಸರು ರೂಢಿಯಲ್ಲಿದೆ. ಇದು ಪಂದ್ಯವಲ್ಲ, ಇಲ್ಲಿ ಸ್ಥಾನಗಳಿಲ್ಲ, ಬಹುಮಾನಗಳಿಲ್ಲ, ಅನೇಕ ಕಡೆಗಳಲ್ಲಿ ಕಾಲಮಾಪನವೂ ನಿಷಿದ್ಧ. ತಿರುವುಗಳಿಂದ ಕೂಡಿದ ಘಟ್ಟದ ರಸ್ತೆಗಳಲ್ಲಿ, ವೇಗಮಿತಿಯನ್ನು ಮೀರದೆ, ಕಾರಿನ ಗುಣವನ್ನು ಸವಿಯುವ ಉದ್ದೇಶದಿಂದ ನಡೆಸುವ ಚಾಲನೆಯನ್ನು ಈ ಲೇಖನದಲ್ಲಿ ಉಲ್ಲಾಸ ಚಾಲನೆ ಎಂದು ಕರೆಯಲಾಗಿದೆ. ಲಘು ಕಾರುಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಜಪಾನಿನ ಮಾಜ್ದಾ ಎಂಎಕ್ಸ್-5ರ ಮೊದಲೆರಡು ಪೀಳಿಗೆಗಳನ್ನು ಇಲ್ಲಿ ಪ್ರಧಾನ ನಿದರ್ಶನವಾಗಿ ಇಟ್ಟುಕೊಂಡಿದೆ.

ಉಗಮ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ನಿರುಪಯುಕ್ತವಾಗಿ ಉಳಿದ ವಿಮಾನದಾಣಗಳು ಪಂದ್ಯಪಥಗಳಾಗಿ ಮಾರ್ಪಟ್ಟುದೂ, ಎಂಜಿ ಮೊದಲಾದ ಕಾರ್ಖಾನೆಗಳ ಅಗ್ಗದ ಎರಡಾಸನದ ಕಾರುಗಳು ಮಧ್ಯಮವರ್ಗದವರ ಕೈಗೆಟುಕಿದುದೂ ಹೆಚ್ಚುಕಡಮೆ ಒಂದೇ ಕಾಲದ ಸಂಗತಿಗಳು. 1948ರಲ್ಲಿ ಪಂದ್ಯಗಳಿಗೆ ತೆರೆದ ಸಿಲ್ವರ್‌ಸ್ಟೋನ್ ಹಿಂದೆ ಬಾಂಬರ್ ವಿಮಾನಗಳ ನೆಲೆಯಾಗಿತ್ತು. ಸ್ನೆಟರ್ಟನ್, ಥ್ರಕ್ಸ್ಟನ್, ಕ್ಯಾಸಲ್ ಕೂಂಬ್ ಪಥಗಳ ಹುಟ್ಟೂ ಇಂಥದೇ. ಮದರಾಸಿನ ಸಮೀಪದ ಶೋಳಾವರಂನಲ್ಲಿಯೂ ಹಳೆಯ ವಿಮಾನದೋಟಪಥವೇ ಕೆಲವು ದಶಕಗಳ ಕಾಲ ದಕ್ಷಿಣ ಭಾರತದ ಮೋಟಾರು ಪಂದ್ಯಗಳ ರಂಗಭೂಮಿಯಾಗಿದ್ದಿತು. ಆ ದಿನಗಳಲ್ಲಿ ವಾರವಿಡೀ ಕೆಲಸಕ್ಕೆ ಹೋಗಿಬರುವ ಕಾರೇ ಭಾನುವಾರದಂದು, ಮುಂದಿನ ಗಾಜನ್ನು ಮಡಚಿ, ಬಂಪರುಗಳನ್ನು ಬಿಚ್ಚಿ, ಪಂದ್ಯಕ್ಕಿಳಿಯುತ್ತಿತ್ತು. ಸಿದ್ಧತೆಯೆಂಬುದು ಅಷ್ಟರಲ್ಲಿಯೇ ಮುಗಿಯುತ್ತಿತ್ತು.

ಭಾರವನ್ನು ಕಡಮೆ ಮಾಡುವುದನ್ನೇ ವಿನ್ಯಾಸದ ಮೂಲಮಂತ್ರವನ್ನಾಗಿ ಮಾಡಿಕೊಂಡವನು ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚ್ಯಾಪ್‌ಮನ್. ಆತನ ಲೋಟಸ್ ಸೆವೆನ್ 1957ರಲ್ಲಿಯೂ, ಉಕ್ಕಿನ ಬೆನ್ನೆಲುಬಿನ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸ್ ಮೈ ಹೊತ್ತ ಎಲಾನ್ 1962ರಲ್ಲಿಯೂ ಬಂದುವು. ಸೆವೆನ್ ಕಾರಿನ ಹಕ್ಕುಗಳನ್ನು 1973ರಲ್ಲಿ ಕೇಟರ್‌ಹ್ಯಾಂ ಸಂಸ್ಥೆ ಪಡೆದುಕೊಂಡು ಇಂದಿಗೂ ಅದರ ವಂಶಜರನ್ನು ತಯಾರಿಸುತ್ತಿದೆ. ಆದರೆ ಎಂಜಿಬಿ ಮತ್ತು ಟ್ರಯಂಫ್ ಸ್ಪಿಟ್‌ಫೈರ್ ಎರಡೂ 1980ರಲ್ಲಿ ನಿಂತುಹೋದುವು. ಅಗ್ಗದ ಲಘು ಕಾರಿನ ಪರಂಪರೆಯೇ ಮುಗಿಯಿತೆಂದು ತೋರುತ್ತಿದ್ದ ಸಮಯವದು.

ಇದಕ್ಕೆ ತುಸು ಮುನ್ನ, 1979ರಲ್ಲಿ, ಅಮೆರಿಕದ ಪತ್ರಕರ್ತ ಬಾಬ್ ಹಾಲ್ ಮಾಜ್ದಾ ಸಂಸ್ಥೆಯ ಕೆನಿಚಿ ಯಾಮಾಮೊಟೊ ಅವರೊಡನೆ ಮಾತನಾಡುತ್ತ, ಬ್ರಿಟಿಷ್ ಮಾದರಿಯ ಸರಳವಾದ ತೆರೆದ ಕಾರೊಂದನ್ನು ತಯಾರಿಸಬೇಕೆಂದು ಸೂಚಿಸಿದ್ದನು. ಈ ಬೀಜವು ಟೊಶಿಹಿಕೊ ಹಿರಾಯ್ ಅವರ ಮೇಲ್ವಿಚಾರಣೆಯಲ್ಲಿ ಫಲಿಸಿ, 1989ರ ಫೆಬ್ರವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಎಂಎಕ್ಸ್-5 ಪ್ರಕಟವಾಯಿತು. ಉತ್ತರ ಅಮೆರಿಕದಲ್ಲಿ ಮಿಯಾಟ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರುಗಳನ್ನು ತಳೆದ ಈ ಕಾರು ಅತ್ಯಧಿಕ ಸಂಖ್ಯೆಯಲ್ಲಿ ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರೆಂದು 2000ದಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಹತ್ತು ಲಕ್ಷದ ಕಾರು 2016ರ ಏಪ್ರಿಲಿನಲ್ಲಿ ಹೊರಬಿತ್ತು. ಬಿಡಿಭಾಗಗಳ ಸಮೃದ್ಧಿ, ಬೆಲೆಯ ಸೌಲಭ್ಯ, ದುರಸ್ತಿಯ ಸೌಕರ್ಯ ಇವು ಮೂರೂ ಒಂದೆಡೆ ಕೂಡಿಬಂದ ಕಾರಣ ಟ್ರ್ಯಾಕ್ ಡೇಗಳ ವಿದ್ಯಾರ್ಥಿಗಳಿಗೆ ಇದು ಪ್ರಥಮ ಪಾಠಪುಸ್ತಕವಾಗಿ ಪರಿಣಮಿಸಿತು.

ರಚನೆ

ಎಂಎಕ್ಸ್-5ರ ಮೊದಲ ಪೀಳಿಗೆಯಲ್ಲಿ ಇಂಜಿನ್ನು ಮುಂದೆ, ಆದರೆ ಮುಂದಿನ ಅಚ್ಚಿಗಿಂತ ಹಿಂದಕ್ಕೆ ಸರಿದು ಕುಳಿತಿದೆ. ಚಾಲನೆ ಹಿಂದಿನ ಗಾಲಿಗಳಿಗೆ. ಗೇರುಪೆಟ್ಟಿಗೆಯನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಅಲ್ಯೂಮಿನಿಯಮ್ಮಿನ ತೊಲೆಯೊಂದು ಬಿಗಿಯಾಗಿ ಜೋಡಿಸುವುದರಿಂದ ಆಕ್ಸಿಲರೇಟರಿನ ಆಜ್ಞೆ ಗಾಲಿಗಳಿಗೆ ತಡವಿಲ್ಲದೆ ಮುಟ್ಟುವುದು. ನಾಲ್ಕೂ ಗಾಲಿಗಳಿಗೆ ಜೋಡಿ ವಿಷ್‌ಬೋನ್ ಮಾದರಿಯ ಸಸ್ಪೆನ್ಷನ್ ಇದೆ. ಮೊದಲಿಗೆ 1.6 ಲೀಟರಿನ, 1993ರ ಸುಮಾರಿನಿಂದ 1.8 ಲೀಟರಿನ ನಾಲ್ಕು ಸಿಲಿಂಡರುಗಳ ಇಂಜಿನ್ನನ್ನು ಅಳವಡಿಸಲಾಯಿತು. ತೂಕವು ಮುಂದು ಹಿಂದಿನ ಅಚ್ಚುಗಳ ನಡುವೆ ಹೆಚ್ಚುಕಡಮೆ ಸಮವಾಗಿ ಹಂಚಿಹೋಗಿದೆ. 1996ರ ಲೋಟಸ್ ಎಲೀಸ್ ಇದಕ್ಕೆ ಇನ್ನೊಂದು ತುದಿಯ ಉದಾಹರಣೆ: ಎರಕವಲ್ಲದೆ ಅಚ್ಚಿನಿಂದ ಒತ್ತಿ ತೆಗೆದ ಅಲ್ಯೂಮಿನಿಯಮ್ ಪಟ್ಟಿಗಳನ್ನು ಅಂಟಿನಿಂದ ಬೆಸೆದ ಅದರ ಚೌಕಟ್ಟು ಕೇವಲ 68 ಕಿಲೋಗ್ರಾಂ ತೂಗುತ್ತದೆ, ಇಡೀ ಕಾರಿನ ತೂಕ 725 ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದು ಇಂಜಿನ್ನು ಆಸನಗಳ ಹಿಂದಿದೆ.

ಲಾಘವದಿಂದ ಒದಗುವ ಪ್ರಯೋಜನವನ್ನು ಲೆಕ್ಕದಿಂದಲೇ ತಿಳಿಯಬಹುದು. ಚಾಲಕನೂ ಸೇರಿ 1,000 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಯುವಾಗ ಬ್ರೇಕುಗಳು ಸುಮಾರು 740 ಕಿಲೋಜೂಲ್ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಬೇಕಾಗುವುದು. ಅಡುಗೆಮನೆಯ ಪಾತ್ರೆಯಲ್ಲಿನ ಎರಡು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಯ ಮಟ್ಟಕ್ಕೆ ತರಲು ಈ ಶಾಖ ಸಾಕು, ಮತ್ತು ಇದು ಉತ್ಪನ್ನವಾಗುವುದು ಮೂರು ನಾಲ್ಕು ಕ್ಷಣಗಳಲ್ಲಿ. ಅದೇ ಕೆಲಸಕ್ಕೆ 1,600 ಕಿಲೋಗ್ರಾಮಿನ ಕಾರು ಸುಮಾರು 1,190 ಕಿಲೋಜೂಲ್ ಶಾಖವನ್ನು ಹೊರಹಾಕಬೇಕು. ಸಾಮಾನ್ಯ ರಸ್ತೆಯಲ್ಲಿ ಇಂಥ ಪ್ರಸಂಗ ದಿನಕ್ಕೊಮ್ಮೆ ಬಂದರೆ ಹೆಚ್ಚು. ಪಂದ್ಯಪಥದಲ್ಲಿ ಅದು ಪ್ರತಿ ಸುತ್ತಿನಲ್ಲಿಯೂ ಅನೇಕ ಬಾರಿ ಬರುವುದು. ಆದಕಾರಣ ಸಿದ್ಧತೆಯ ಬಹುಭಾಗವು ಶಕ್ತಿಯನ್ನು ಹೆಚ್ಚಿಸುವುದರಲ್ಲಿ ಅಲ್ಲ, ಉಷ್ಣವನ್ನು ಸಾಗಹಾಕುವುದರಲ್ಲಿಯೂ, ವಯಸ್ಸಾದ ಭಾಗಗಳನ್ನು ಹೊಸತನಕ್ಕೆ ತರುವುದರಲ್ಲಿಯೂ ವ್ಯಯವಾಗುತ್ತದೆ. ಶಕ್ತಿವರ್ಧನೆಯ ಸ್ಥಾನ ಕಟ್ಟಕಡೆಯದು.

ಪ್ರಾಥಮಿಕ ಪರೀಕ್ಷೆ

ಮೊದಲ ಪೀಳಿಗೆಯ ಕಾರುಗಳಿಗೆ ಈಗ ಮೂವತ್ತು ವರ್ಷಗಳ ಮೇಲಾಗಿರುವುದರಿಂದ, ಯಾವ ಹೊಸ ಭಾಗವನ್ನೂ ಕೊಳ್ಳುವುದಕ್ಕೆ ಮುಂಚೆ, ಇರುವ ಭಾಗಗಳ ಸ್ಥಿತಿಯನ್ನು ಅರಿಯುವುದು ಕ್ರಮ. ಕಾರನ್ನು ನಾಲ್ಕು ಭದ್ರವಾದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ ಒಂದೊಂದು ಗಾಲಿಯನ್ನೂ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿದರೆ ಬೇರಿಂಗು, ಬಾಲ್ ಜಾಯಿಂಟು, ಟೈ ರಾಡುಗಳ ಸವಕಳಿ ಗೊತ್ತಾಗುವುದು. ವಿಷ್‌ಬೋನುಗಳ ರಬ್ಬರ್ ಬುಷ್ಷುಗಳು ಬಿರುಕುಬಿಟ್ಟಿದ್ದರೆ ಎಷ್ಟು ಎಚ್ಚರದಿಂದ ಗಾಲಿಯ ಕೋನಗಳನ್ನು ಹೊಂದಿಸಿದರೂ ಭಾರ ಬಿದ್ದೊಡನೆ ಅವು ಬದಲಾಗುತ್ತವೆ. ಬಾಗಿಲ ಕೆಳಗಿನ ಪಟ್ಟಿಗಳಲ್ಲಿ, ವಿಶೇಷವಾಗಿ ಹಿಂದಿನ ಗಾಲಿಗಳ ಮುಂಭಾಗದಲ್ಲಿ, ತುಕ್ಕು ಹಿಡಿಯುವುದು ಈ ಕಾರಿನ ಪ್ರಸಿದ್ಧ ದೌರ್ಬಲ್ಯ. ಬಣ್ಣದಡಿ ಅಡಗಿದ ತುಕ್ಕನ್ನು ಕಣ್ಣು ಕಾಣದಿದ್ದರೂ ಬೆರಳಿನ ಒತ್ತು ಪತ್ತೆಹಚ್ಚುತ್ತದೆ.

ಇಂಜಿನ್ನಿನ ಟೈಮಿಂಗ್ ಬೆಲ್ಟನ್ನು ಸುಮಾರು 1,00,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಅದು ಹರಿದರೂ 1.6 ಲೀಟರಿನ ಇಂಜಿನ್ನಿನಲ್ಲಿ ವಾಲ್ವುಗಳಿಗೆ ಪಿಸ್ಟನ್ನು ತಗಲುವುದಿಲ್ಲವಾದರೂ, ಹಳೆಯ ಬೆಲ್ಟಿನೊಡನೆ ಪಂದ್ಯಪಥಕ್ಕೆ ಹೋಗುವುದು ದಿನವನ್ನು ವ್ಯರ್ಥಗೊಳಿಸಿಕೊಳ್ಳುವ ಮಾರ್ಗ. 1991ರವರೆಗಿನ ಮೊದಲ ಇಂಜಿನ್ನುಗಳಲ್ಲಿ ಕ್ರ್ಯಾಂಕ್‌ಷಾಫ್ಟಿನ ಮೂತಿ ಗಿಡ್ಡವಾಗಿದ್ದು, ಅದರ ಮೇಲೆ ಕೂರುವ ಪುಲ್ಲಿಯ ಕೀಲಿ ಕಾಲಕ್ರಮೇಣ ಸಡಿಲಗೊಂಡು ಷಾಫ್ಟನ್ನೇ ಕೊರೆಯುವುದುಂಟು. ಇದು ಬಿಡಿಭಾಗದ ಬದಲಾವಣೆಯಿಂದ ಸರಿಹೋಗುವ ದೋಷವಲ್ಲವಾದ್ದರಿಂದ ಕೊಳ್ಳುವ ಮುನ್ನವೇ ಪರೀಕ್ಷಿಸತಕ್ಕದ್ದು. ಡಿಕ್ಕಿಯಲ್ಲಿರುವ ಬ್ಯಾಟರಿಯ ಪಟ್ಟಿ, ಆಕ್ಸಿಲರೇಟರು ತಾನಾಗಿಯೇ ಹಿಂದಿರುಗುವ ಗುಣ, ಬ್ರೇಕ್ ದೀಪ, ಎಣ್ಣೆ ನೀರುಗಳ ಸೋರಿಕೆ ಇವನ್ನು ಸಂಘಟಕರ ತಪಾಸಣೆಗಾರರೂ ನೋಡುತ್ತಾರೆ. ಗಾಲಿಯ ನಟ್ಟುಗಳನ್ನು ಎಂಎಕ್ಸ್-5ರಲ್ಲಿ 88ರಿಂದ 118 ನ್ಯೂಟನ್-ಮೀಟರ್ ಬಲದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕೆಂದು ತಯಾರಕರ ವಿಧಿ. ಪಥದಲ್ಲಿ ಪ್ರತಿ ಸರದಿಯ ಬಳಿಕ, ಗಾಲಿ ಆರಿದ ಮೇಲೆ, ಇದನ್ನು ಪುನಃ ಪರೀಕ್ಷಿಸುವುದು ವಾಡಿಕೆ.

ಬ್ರೇಕುಗಳು

ಸಿದ್ಧತೆಯ ಸಕಲ ಅಂಗಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ಬ್ರೇಕ್ ವಿಫಲವಾಗುವ ಬಗೆಗಳು ಎರಡು, ಇವುಗಳ ಲಕ್ಷಣಗಳನ್ನು ಬೇರ್ಪಡಿಸಿ ತಿಳಿಯುವುದು ಮುಖ್ಯ. ಪ್ಯಾಡಿನ ಘರ್ಷಣವಸ್ತು ತನ್ನ ಮಿತಿಯನ್ನು ಮೀರಿ ಕಾದಾಗ ಹಿಡಿತ ಕುಗ್ಗುತ್ತದೆ. ಪೆಡಲು ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದು. ಬ್ರೇಕ್ ಆಯಿಲ್ ಕುದಿದಾಗ ಆಗುವುದು ಬೇರೆ: ಕ್ಯಾಲಿಪರಿನೊಳಗೆ ಹುಟ್ಟಿದ ಆವಿ ಒತ್ತಡಕ್ಕೆ ಕುಗ್ಗುವುದರಿಂದ ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿದುಹೋಗುವುದು. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅದು ಮುನ್ಸೂಚನೆಯಿಲ್ಲದೆ ಬರುತ್ತದೆ.

ಗ್ಲೈಕಾಲ್ ಆಧಾರದ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಸದಾ ಹೀರುತ್ತಿರುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 3 ವರ್ಗದ ದ್ರವಕ್ಕೆ ಹೊಸದರಲ್ಲಿ ಕನಿಷ್ಠ 205, ತೇವಗೊಂಡಾಗ 140 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕೆಂಬುದು ನಿಯಮ, ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಪಂದ್ಯಗಳಿಗೆಂದೇ ತಯಾರಾದ ದ್ರವಗಳು ಹೊಸದರಲ್ಲಿ 300 ಡಿಗ್ರಿಗೂ ಮೇಲೆ ತಡೆಯುತ್ತವೆಯಾದರೂ ಅವನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕಾಗುವುದು. ಸಿಲಿಕೋನ್ ಆಧಾರದ ಡಾಟ್ 5, ಹೆಸರಿನಲ್ಲಿ 5.1ಕ್ಕೆ ನಿಕಟವಾಗಿದ್ದರೂ, ಜಾತಿಯಲ್ಲಿ ಭಿನ್ನವಾದುದು. ಅದನ್ನು ಇವುಗಳೊಡನೆ ಬೆರೆಸಲಾಗದು. ಎರಡು ಮೂರು ವರ್ಷಗಳಿಂದ ಮುಟ್ಟದ ಹಳೆಯ ದ್ರವವನ್ನು ಹೊರತೆಗೆದು ಹೊಸ ಡಾಟ್ 4 ತುಂಬಿಸಿ ಗಾಳಿ ತೆಗೆಸುವುದು ಅತ್ಯಂತ ಅಗ್ಗವಾದ, ಅತ್ಯಂತ ಫಲಕಾರಿಯಾದ ಸಿದ್ಧತೆ.

ಪ್ಯಾಡುಗಳ ಆಯ್ಕೆಯಲ್ಲಿ ಒಂದು ವಿರೋಧವಿದೆ. ಉನ್ನತ ಉಷ್ಣತೆಯನ್ನು ಸಹಿಸುವ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯವು, ಕಿರುಚುತ್ತವೆ, ಡಿಸ್ಕನ್ನು ಬೇಗ ತಿನ್ನುತ್ತವೆ. ರಸ್ತೆಯ ಪ್ಯಾಡುಗಳು ಮೊದಲ ಬ್ರೇಕಿನಲ್ಲಿಯೇ ಹಿಡಿದರೂ ಪಥದಲ್ಲಿ ಐದಾರು ಸುತ್ತಿಗೆ ಕೈಕೊಡುತ್ತವೆ. ಆದಕಾರಣ ಅನುಭವಿಗಳು ಪಥದ ಪ್ಯಾಡುಗಳನ್ನು ಅಲ್ಲಿಗೆ ಹೋದ ಮೇಲೆ ತೊಡಿಸಿ, ಮನೆಗೆ ಮರಳುವ ಮುನ್ನ ತೆಗೆಯುತ್ತಾರೆ. ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸುವ ಕ್ರಮವೂ ಉಂಟು: ಮಧ್ಯಮ ವೇಗದಿಂದ ಅನೇಕ ಬಾರಿ, ಪೂರ್ತಿಯಾಗಿ ನಿಲ್ಲಿಸದೆ, ಕ್ರಮೇಣ ಬಲವನ್ನು ಏರಿಸುತ್ತ ಬ್ರೇಕ್ ಹಾಕಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು. 1.6 ಲೀಟರಿನ ಮೊದಲ ಪೀಳಿಗೆಯ ಕಾರಿನ ಮುಂದಿನ ಡಿಸ್ಕುಗಳ ವ್ಯಾಸ 235 ಮಿಲಿಮೀಟರ್, 1.8ರಲ್ಲಿ 255, ಹಳೆಯ ಕಾರಿಗೆ ಹೊಸತರ ಡಿಸ್ಕು ಮತ್ತು ಅವನ್ನು ಹಿಡಿಯುವ ಬ್ರಾಕೆಟ್ಟುಗಳನ್ನು ಜೋಡಿಸುವುದು ರೂಢಿಯಲ್ಲಿರುವ ಮಿತವ್ಯಯದ ಪರಿವರ್ತನೆ. ಇನ್ನೂ ಮುಂದೆ ಹೋಗಬಯಸುವವರು ಮುಂದಿನ ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿಯ ಕೊಳವೆಗಳನ್ನು ಎಳೆಯುತ್ತಾರೆ. ಭಾರಿ ಕ್ಯಾಲಿಪರುಗಳ ಆಡಂಬರ ಲಘು ಕಾರಿಗೆ ವಿರಳವಾಗಿ ಮಾತ್ರ ಅಗತ್ಯ.

ಟಯರುಗಳು

ಕಾರಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈಯಗಲದ ರಬ್ಬರಿನ ಮೂಲಕವೇ ನಡೆಯುವುದರಿಂದ ಟಯರಿನ ಜಾತಿ, ವಯಸ್ಸು, ಒತ್ತಡ ಮೂರೂ ಸಮಾನ ಮಹತ್ತ್ವವುಳ್ಳವು. ಟಯರಿನ ಪಾರ್ಶ್ವದಲ್ಲಿ ಮುದ್ರಿತವಾದ ನಾಲ್ಕು ಅಂಕಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಗೀರುಗಳು ಆಳವಾಗಿದ್ದರೂ ವಯಸ್ಸಾದ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಅಮೆರಿಕದ ಸವಕಳಿ ಸೂಚ್ಯಂಕದಲ್ಲಿ 200ರ ಆಸುಪಾಸಿನ ಮೃದು ಟಯರುಗಳು ರಸ್ತೆ ಮತ್ತು ಪಥ ಎರಡಕ್ಕೂ ಒದಗುವಂಥವು. ಅರೆ-ಸ್ಲಿಕ್ ಟಯರುಗಳು ಇನ್ನೂ ಹೆಚ್ಚು ಹಿಡಿಯುವುವಾದರೂ ಮಳೆಯಲ್ಲಿ ಅಪಾಯಕರ. ಅಲ್ಲದೆ, ಹಿಡಿತದ ಅಂಚನ್ನು ಅವು ಹಠಾತ್ತಾಗಿ ದಾಟುವುದರಿಂದ ಹೊಸಬನಿಗೆ ಕಾರಿನ ಭಾಷೆಯನ್ನು ಕಲಿಸುವುದಿಲ್ಲ. ಸಾಧಾರಣ ಟಯರಿನಲ್ಲಿ ನಿಧಾನವಾಗಿ ಜಾರುವ ಕಾರು ಉತ್ತಮ ಉಪಾಧ್ಯಾಯ.

ಮೊದಲ ಪೀಳಿಗೆಗೆ ಕಾರ್ಖಾನೆಯಲ್ಲಿ ತೊಡಿಸುತ್ತಿದ್ದುದು 14 ಇಂಚಿನ ಗಾಲಿಯ ಮೇಲಿನ 185 ಮಿಲಿಮೀಟರ್ ಅಗಲದ ಟಯರು, ತಣ್ಣಗಿರುವಾಗ ತಯಾರಕರು ಹೇಳಿದ ಒತ್ತಡ 26 ಪೌಂಡು. ಈಗಿನ ಬಳಕೆಯಲ್ಲಿ 15 ಇಂಚಿನ ಗಾಲಿಯೂ 195 ಮಿಲಿಮೀಟರ್ ಟಯರೂ ಸಾಮಾನ್ಯ. ಪಥದಲ್ಲಿ ಒಳಗಿನ ಗಾಳಿ ಕಾದು ಒತ್ತಡ ಹಲವು ಪೌಂಡು ಏರುವುದರಿಂದ, ಲೆಕ್ಕಕ್ಕೆ ಹಿಡಿಯಬೇಕಾದುದು ತಣ್ಣಗಿನ ಅಳತೆಯನ್ನಲ್ಲ, ಸರದಿ ಮುಗಿದೊಡನೆ ತೆಗೆದ ಬಿಸಿಯ ಅಳತೆಯನ್ನು. ಟಯರಿನ ಒಳಮೈ, ನಡು, ಹೊರಮೈಗಳ ಉಷ್ಣತೆಯನ್ನು ಸೂಜಿಯ ಉಷ್ಣಮಾಪಕದಿಂದ ನೋಡುವ ವಿಧಾನ ಇನ್ನೂ ನಿಖರವಾದುದು: ನಡುವು ಹೆಚ್ಚು ಕಾದಿದ್ದರೆ ಒತ್ತಡ ಅಧಿಕ, ಅಂಚುಗಳು ಕಾದಿದ್ದರೆ ಕಡಮೆ, ಹೊರ ಅಂಚೊಂದೇ ಕಾದಿದ್ದರೆ ಕ್ಯಾಂಬರು ಸಾಲದು.

ಸಸ್ಪೆನ್ಷನ್ ಮತ್ತು ಗಾಲಿಯ ಕೋನಗಳು

ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲಿದಾಗ ಹೊರಗಿನ ಗಾಲಿಯೂ ಅದರೊಡನೆ ಹೊರಕ್ಕೆ ಬಾಗಿ, ಟಯರಿನ ಹೊರ ಅಂಚೇ ಭಾರವೆಲ್ಲವನ್ನು ಹೊರಬೇಕಾಗಿ ಬರುವುದು. ಇದನ್ನು ತಡೆಯಲೆಂದು ನಿಂತಿರುವ ಕಾರಿನ ಗಾಲಿಗಳ ಮೇಲ್ತುದಿಯನ್ನು ಒಳಕ್ಕೆ ಬಾಗಿಸಿಡುವ ಕೋನಕ್ಕೆ ಋಣ ಕ್ಯಾಂಬರು ಎಂದು ಹೆಸರು. ಗಾಲಿಗಳನ್ನು ಮೇಲಿನಿಂದ ನೋಡಿದಾಗ ಅವುಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವು ಟೋ. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷವು ಹಿಂದಕ್ಕೆ ವಾಲಿರುವ ಕೋನವು ಕ್ಯಾಸ್ಟರು. ಎಂಎಕ್ಸ್-5ರ ಕೆಳಗಿನ ವಿಷ್‌ಬೋನುಗಳಲ್ಲಿ ವಿಕೇಂದ್ರ ಬೋಲ್ಟುಗಳಿರುವ ಕಾರಣ ನಾಲ್ಕೂ ಗಾಲಿಗಳ ಕೋನಗಳನ್ನು ಹೊಸ ಭಾಗವೊಂದನ್ನೂ ಕೊಳ್ಳದೆ ಹೊಂದಿಸಬಹುದು. ಈ ಬೆಲೆಯ ಕಾರುಗಳಲ್ಲಿ ಇದು ದುರ್ಲಭವಾದ ಸೌಕರ್ಯ. ಪಥದ ಬಳಕೆಗೆ ಎರಡರಿಂದ ಮೂರು ಡಿಗ್ರಿ ಋಣ ಕ್ಯಾಂಬರನ್ನೂ, ಮುಂದೆ ಶೂನ್ಯ ಟೋವನ್ನೂ, ಹಿಂದೆ ಸ್ಥಿರತೆಗಾಗಿ ತುಸು ಒಳ ಟೋವನ್ನೂ ಇಡುವುದು ಸಾಧಾರಣ ಪದ್ಧತಿ. ಮೂರು ಡಿಗ್ರಿ ಕ್ಯಾಂಬರಿನ ಕಾರನ್ನು ದಿನವೂ ಊರಿನ ರಸ್ತೆಯಲ್ಲಿ ಓಡಿಸಿದರೆ ಟಯರಿನ ಒಳ ಅಂಚು ಬೇಗ ಸವೆಯುವುದರಿಂದ, ಉಲ್ಲಾಸ ಚಾಲನೆಯೇ ಪ್ರಧಾನವಾದವರು ಒಂದೂವರೆ ಡಿಗ್ರಿಯ ಆಸುಪಾಸಿನಲ್ಲಿ ತೃಪ್ತರಾಗುತ್ತಾರೆ.

ಕಾರನ್ನು ತಗ್ಗಿಸುವ ವಿಷಯದಲ್ಲಿ ಭ್ರಮೆ ಹೆಚ್ಚು. ಎಂಎಕ್ಸ್-5ರ ಮೊದಲೆರಡು ಪೀಳಿಗೆಗಳಲ್ಲಿ ಸಸ್ಪೆನ್ಷನ್ನಿನ ಚಲನಾವಕಾಶವೇ ಕಿರಿದಾದುದರಿಂದ, ಬರಿಯ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿದರೆ ಷಾಕ್ ಅಬ್ಸಾರ್ಬರು ತನ್ನ ರಬ್ಬರ್ ತಡೆಯ ಮೇಲೆ ಕುಳಿತುಬಿಡುತ್ತದೆ. ತಿರುವಿನ ನಡುವೆ ಅದು ತಾಗಿದ ಕ್ಷಣದಲ್ಲಿ ಆ ಗಾಲಿಯ ಗಡಸುತನ ಥಟ್ಟನೆ ಹೆಚ್ಚಿ ಹಿಡಿತ ತಪ್ಪುವುದು. ಆದ್ದರಿಂದ ತಗ್ಗಿಸುವುದಾದರೆ ಗಟ್ಟಿಯಾದ ಸ್ಪ್ರಿಂಗು, ಅದಕ್ಕೆ ತಕ್ಕ ಷಾಕ್ ಅಬ್ಸಾರ್ಬರು, ಮೋಟಾದ ತಡೆ ಇವು ಮೂರೂ ಒಟ್ಟಿಗೆ ಬರಬೇಕು. ಮುಂದಿನ ಆಂಟಿ-ರೋಲ್ ಬಾರನ್ನು ಗಟ್ಟಿಗೊಳಿಸಿದರೆ ಕಾರಿನ ಮೂಗು ತಿರುವಿನಿಂದ ಹೊರಕ್ಕೆ ಸರಿಯುವ ಪ್ರವೃತ್ತಿಯೂ, ಹಿಂದಿನದನ್ನು ಗಟ್ಟಿಗೊಳಿಸಿದರೆ ಬಾಲ ಹೊರಕ್ಕೆ ಬೀಸುವ ಪ್ರವೃತ್ತಿಯೂ ಹೆಚ್ಚುವುದು. ಎತ್ತರವನ್ನು ಹೊಂದಿಸಬಲ್ಲ ಸಸ್ಪೆನ್ಷನ್ ಉಳ್ಳವರು ನಾಲ್ಕು ತಕ್ಕಡಿಗಳ ಮೇಲೆ ಕಾರನ್ನು, ಚಾಲಕನು ಒಳಗೆ ಕುಳಿತಿರುವಾಗ, ನಿಲ್ಲಿಸಿ ಕರ್ಣರೇಖೆಯ ಎರಡು ಜೊತೆ ಗಾಲಿಗಳ ಮೇಲೂ ಸಮಭಾರ ಬೀಳುವಂತೆ ಸರಿಪಡಿಸುತ್ತಾರೆ. ಲಘು ಕಾರಿನಲ್ಲಿ ಚಾಲಕನ ತೂಕವೇ ಒಟ್ಟು ಭಾರದ ಗಣನೀಯ ಅಂಶವಾದುದರಿಂದ ಆತನಿಲ್ಲದೆ ತೂಗಿದ ಲೆಕ್ಕ ನಿರರ್ಥಕ.

ತಂಪು ಮತ್ತು ಎಣ್ಣೆ

ಎಂಎಕ್ಸ್-5ರ ಇಂಜಿನ್ನು ಮೂಲತಃ ಮಾಜ್ದಾ 323 ಎಂಬ, ಮುಂದಿನ ಗಾಲಿಗಳಿಗೆ ಚಾಲನೆಯುಳ್ಳ, ಇಂಜಿನ್ನನ್ನು ಅಡ್ಡಲಾಗಿ ಹೊತ್ತ ಕಾರಿನ ವಂಶದ್ದು. ಅದನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ನೀರಿನ ನಿರ್ಗಮದ್ವಾರವನ್ನು ಹಿಂದಿನಿಂದ ಮುಂದಕ್ಕೆ ತರಲಾಯಿತು. ಒಳಬರುವ ಪಂಪೂ ಮುಂದೆಯೇ ಇರುವುದರಿಂದ ನೀರಿನ ಬಹುಭಾಗ ಹಿಂದಿನ ಸಿಲಿಂಡರುಗಳನ್ನು ತಲಪದೆ ಹಿಂದಿರುಗುವುದು. ರಸ್ತೆಯ ಬಳಕೆಯಲ್ಲಿ ಇದರ ಬಾಧೆ ಕಾಣದು. ಪಥದ ಎಡೆಬಿಡದ ಓಟದಲ್ಲಿ, ವಿಶೇಷವಾಗಿ ಟರ್ಬೊ ಜೋಡಿಸಿದ ಕಾರುಗಳಲ್ಲಿ, ನಾಲ್ಕನೆಯ ಸಿಲಿಂಡರು ಅಧಿಕವಾಗಿ ಕಾಯುವುದರಿಂದ ನಿರ್ಗಮವನ್ನು ಪುನಃ ಹಿಂಭಾಗಕ್ಕೆ ಒಯ್ಯುವ ಮಾರ್ಪಾಟು ಪ್ರಚಾರಕ್ಕೆ ಬಂದಿದೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಸರಳ: ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಗಳು ಕಂದುಬಣ್ಣಕ್ಕೆ ತಿರುಗಿದ್ದರೆ ಬಿರಿಯುವ ಕಾಲ ಸನ್ನಿಹಿತವೆಂದು ತಿಳಿದು ಬದಲಿಸುವುದು, ಮತ್ತು ಇಂಜಿನ್ನಿನ ಅಡಿಯ ತಟ್ಟೆಯನ್ನು ಸ್ವಸ್ಥಾನದಲ್ಲಿಡುವುದು. ನಿರುಪಯೋಗಿಯೆಂದು ಅನೇಕರು ಕಿತ್ತೆಸೆಯುವ ಈ ತಟ್ಟೆಯೇ ಗಾಳಿಯು ಪಕ್ಕಕ್ಕೆ ನುಸುಳದೆ ರೇಡಿಯೇಟರಿನ ಮೂಲಕವೇ ಹಾಯುವಂತೆ ಮಾಡುತ್ತದೆ.

ಒಳ್ಳೆಯ ಟಯರುಗಳ ಮೇಲೆ ತಿರುಗುವ ಕಾರಿನಲ್ಲಿ ಪಾರ್ಶ್ವಬಲವು ಗುರುತ್ವಬಲಕ್ಕೆ ಸರಿಸಮವಾಗುವ ಪ್ರಸಂಗಗಳುಂಟು. ಆಗ ಇಂಜಿನ್ನಿನ ಎಣ್ಣೆ ತೊಟ್ಟಿಯ ಒಂದು ಬದಿಗೆ ಏರಿ, ಹೀರುಗೊಳವೆ ಗಾಳಿಯನ್ನು ಎಳೆದು, ಬೇರಿಂಗುಗಳು ಕ್ಷಣಕಾಲ ಒಣಗುವುವು. ಎಣ್ಣೆಯನ್ನು ಪೂರ್ಣರೇಖೆಯವರೆಗೆ ತುಂಬಿಸಿ ಪ್ರತಿ ಸರದಿಗೂ ನೋಡುತ್ತಿರುವುದು, ತೊಟ್ಟಿಯಲ್ಲಿ ತಡೆಗೋಡೆಗಳನ್ನು ಅಳವಡಿಸುವುದು ಇದರ ಪರಿಹಾರಗಳು. ಪೆಟ್ರೋಲಿನ ವಿಷಯದಲ್ಲಿಯೂ ಇದೇ ನ್ಯಾಯ. ಟ್ಯಾಂಕು ಕಾಲುಭಾಗಕ್ಕಿಂತ ಕೆಳಗಿಳಿದರೆ ದೀರ್ಘವಾದ ತಿರುವುಗಳಲ್ಲಿ ಇಂಜಿನ್ನು ತಡವರಿಸಬಹುದು.

ಶಕ್ತಿವರ್ಧನೆ

ಗಾಳಿ ಸೋಸುವ ಪೆಟ್ಟಿಗೆ, ಹೊಗೆಕೊಳವೆ ಇತ್ಯಾದಿಗಳ ಬದಲಾವಣೆಯಿಂದ ಸಹಜಶ್ವಾಸದ ಇಂಜಿನ್ನಿಗೆ ಒದಗುವ ಲಾಭ ಅಲ್ಪ, ಸದ್ದು ಮಾತ್ರ ಅಧಿಕ. ಟರ್ಬೊ ಅಥವಾ ಸೂಪರ್‌ಚಾರ್ಜರು ನಿಜವಾದ ಶಕ್ತಿಯನ್ನು ಕೊಡುವುವಾದರೂ ಬ್ರೇಕು, ತಂಪು, ಕ್ಲಚ್ಚು, ಗೇರುಪೆಟ್ಟಿಗೆಗಳ ಸಮಸ್ಯೆಗಳೆಲ್ಲವನ್ನೂ ಹೊಸದಾಗಿ ತೆರೆಯುತ್ತವೆ. ಇಂಜಿನ್ನನ್ನು ಮುಟ್ಟದೆಯೇ ಫಲ ಕೊಡುವ ಬದಲಾವಣೆಯೊಂದಿದೆ: ತಿರುವಿನಲ್ಲಿ ಒಳಗಿನ ಗಾಲಿ ಬರಿದೆ ಸುತ್ತುವುದನ್ನು ತಡೆಯುವ ಟಾರ್ಸೆನ್ ಮಾದರಿಯ ಡಿಫರೆನ್ಷಿಯಲ್, 1.8 ಲೀಟರಿನ ಕಾರುಗಳಲ್ಲಿ ಕೆಲವಕ್ಕೆ ಕಾರ್ಖಾನೆಯಲ್ಲಿಯೇ ಬರುತ್ತಿತ್ತು.

ರಕ್ಷಣಾ ಸಾಧನಗಳು

ತೆರೆದ ಕಾರು ಮಗುಚಿದರೆ ಚಾಲಕನ ತಲೆಯೇ ನೆಲಕ್ಕೆ ತಾಗುವ ಮೊದಲ ವಸ್ತುವಾಗಬಹುದಾದ್ದರಿಂದ, ಆಸನಗಳ ಹಿಂದೆ ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದ ಉಕ್ಕಿನ ರೋಲ್ ಬಾರ್ ಇಲ್ಲದ ತೆರೆದ ಕಾರುಗಳನ್ನು ಅನೇಕ ಸಂಘಟಕರು ಪಥಕ್ಕೆ ಬಿಡರು. ಹೆಲ್ಮೆಟ್ ತೊಟ್ಟು ಕುಳಿತ ಚಾಲಕನ ತಲೆಯು, ರೋಲ್ ಬಾರಿನ ಮೇಲ್ತುದಿಯಿಂದ ಕಾರಿನ ಮುಂಭಾಗಕ್ಕೆ ಹಿಡಿದ ನೇರವಾದ ಕೋಲಿನ ಕೆಳಗೇ ಇರಬೇಕೆಂಬುದು ಅವರ ಪರೀಕ್ಷೆ. ಎಂಎಕ್ಸ್-5ರ ಆಸನ ಎತ್ತರವಾಗಿರುವುದರಿಂದ ಉದ್ದನೆಯ ಚಾಲಕರು ಆಸನದ ಸ್ಪಂಜನ್ನು ತೆಗೆಸುವುದೋ ತಗ್ಗಾದ ಗಟ್ಟಿ ಆಸನವನ್ನು ಹಾಕಿಸುವುದೋ ಅನಿವಾರ್ಯವಾಗುತ್ತದೆ. ಹೆಲ್ಮೆಟ್ಟುಗಳಲ್ಲಿ ಸ್ನೆಲ್ ಸಂಸ್ಥೆಯ ಎಸ್‌ಎ ವರ್ಗದವು ಬೆಂಕಿಯನ್ನು ತಡೆಯುವ ಪರೀಕ್ಷೆಗೂ ಒಳಪಟ್ಟವು. ಎಂ ವರ್ಗದವು ಮೋಟಾರುಸೈಕಲಿಗಾಗಿ ತಯಾರಾದವು.

ಹಲವು ಪಟ್ಟಿಗಳ ಹಾರ್ನೆಸ್ಸನ್ನು ಒಂಟಿಯಾಗಿ ಅಳವಡಿಸುವುದು ಅವಿವೇಕ. ಅದು ಎದೆಯನ್ನು ಆಸನಕ್ಕೆ ಬಿಗಿದುಬಿಡುವುದರಿಂದ, ಮಗುಚಿದಾಗ ದೇಹ ಪಕ್ಕಕ್ಕೆ ಬಾಗಲಾರದು. ಮುಂದೆ ಡಿಕ್ಕಿ ಹೊಡೆದಾಗ ತಲೆಯೊಂದೇ ಮುಂದಕ್ಕೆ ಎಸೆಯಲ್ಪಟ್ಟು ಕುತ್ತಿಗೆಗೆ ಪೆಟ್ಟಾಗುವುದು. ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ 1980ರ ದಶಕದಲ್ಲಿ ರೂಪಿಸಿದ ಹ್ಯಾನ್ಸ್ ಎಂಬ ಕುತ್ತಿಗೆಯ ರಕ್ಷಣೆ ಇದಕ್ಕಾಗಿಯೇ ಹುಟ್ಟಿತು. ರೋಲ್ ಬಾರು, ಗಟ್ಟಿ ಆಸನ, ಹಾರ್ನೆಸ್ಸು, ಹ್ಯಾನ್ಸ್ ಇವನ್ನು ಒಂದು ಸಮಷ್ಟಿಯೆಂದು ಭಾವಿಸಬೇಕು. ಅಷ್ಟನ್ನೂ ಹೊಂದಿಸಲಾರದವರಿಗೆ ಕಾರ್ಖಾನೆಯ ಮೂರು ತುದಿಯ ಬೆಲ್ಟೇ ಕ್ಷೇಮ.

ಪಥದಲ್ಲಿ ನಡವಳಿಕೆ

ದಿನದ ಆರಂಭದಲ್ಲಿ ನೋಂದಣಿ, ತಪಾಸಣೆ, ಸೂಚನೆಗಳ ಸಭೆ ಆದ ಬಳಿಕ ಪಥವನ್ನು ಪರಿಚಯ ಮಾಡಿಕೊಳ್ಳುವ ನಿಧಾನದ ಸುತ್ತುಗಳು ನಡೆಯುವುವು. ಹಿಂದಿಕ್ಕುವುದು ನಿಗದಿಯಾದ ನೇರಭಾಗಗಳಲ್ಲಿ, ಮುಂದಿನವನು ಕೈಸನ್ನೆಯಿಂದಲೋ ದೀಪದಿಂದಲೋ ಒಪ್ಪಿಗೆಯಿತ್ತ ಮೇಲೆ ಮಾತ್ರ. ಹಳದಿ ಬಾವುಟ ಮುಂದಿರುವ ಅಪಾಯವನ್ನೂ, ನೀಲಿ ಹಿಂದಿನಿಂದ ಬರುವ ವೇಗದ ಕಾರನ್ನೂ, ಕೆಂಪು ಸರದಿ ನಿಂತುದನ್ನೂ ತಿಳಿಸುತ್ತದೆ. ಕಪ್ಪು ಬಾವುಟ ಕಂಡ ಚಾಲಕನು ಪಿಟ್ಟಿಗೆ ಮರಳಿ ಅಧಿಕಾರಿಗಳನ್ನು ಕಾಣತಕ್ಕದ್ದು. ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಬಳಸದೆ ಮೆಲ್ಲಗೆ ಓಡಿಸಿ ಎಲ್ಲವನ್ನೂ ತಣಿಸಬೇಕು, ಪಿಟ್ಟಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಕಾದ ಡಿಸ್ಕಿಗೆ ಪ್ಯಾಡು ಒತ್ತಿಕೊಂಡೇ ಇದ್ದರೆ ಅದರ ವಸ್ತು ಒಂದೆಡೆ ಮೆತ್ತಿಕೊಂಡು ಮುಂದೆ ಪೆಡಲು ನಡುಗುವುದು. ಕಾರನ್ನು ಗೇರಿನಲ್ಲಿ ಬಿಟ್ಟು ಗಾಲಿಗೆ ಅಡ್ಡಗಟ್ಟೆ ಕೊಡುವುದು ಪದ್ಧತಿ. ಸದ್ದಿನ ಮಿತಿ ಬ್ರಿಟನ್ನಿನ ಪಥಗಳಲ್ಲಿ ವಿಶೇಷ ಕಟ್ಟುನಿಟ್ಟಿನದು, ಮಿತಿ ಮೀರಿದ ಕಾರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಸಾಧಾರಣ ಮೋಟಾರು ವಿಮೆ ಪಂದ್ಯಪಥದಲ್ಲಿ ಸಂಭವಿಸಿದ ಹಾನಿಯನ್ನು ಪ್ರಾಯಶಃ ಭರಿಸುವುದಿಲ್ಲ.

ಪ್ರಭೇದಗಳು

ಸಿದ್ಧತೆಯ ತೀವ್ರತೆಗೆ ಅನುಗುಣವಾಗಿ ಈ ಕಾರುಗಳನ್ನು ವಿಂಗಡಿಸುವುದುಂಟು. ಬ್ರೇಕ್ ಆಯಿಲ್, ಪ್ಯಾಡು, ಗಾಲಿಯ ಕೋನ ಇಷ್ಟರಲ್ಲಿಯೇ ನಿಲ್ಲಿಸಿದ ರಸ್ತೆಯ ಕಾರು ಮೊದಲನೆಯದು, ಸಂಖ್ಯೆಯಲ್ಲಿಯೂ ಇದೇ ಅಧಿಕ. ಸಸ್ಪೆನ್ಷನ್, ರೋಲ್ ಬಾರ್, ಗಟ್ಟಿ ಆಸನಗಳನ್ನು ಪಡೆದು ನೋಂದಣಿಯನ್ನೂ ಉಳಿಸಿಕೊಂಡ ಉಭಯೋಪಯೋಗಿ ಕಾರು ಎರಡನೆಯದು. ಎರಡು ಕೆಲಸಕ್ಕೂ ರಾಜಿ ಮಾಡಿಕೊಂಡ ಇದು ದೀರ್ಘಪ್ರಯಾಣದಲ್ಲಿ ಬಳಲಿಸುತ್ತದೆ. ಒಳಗಿನ ಹಾಸು, ಹೀಟರುಗಳನ್ನೆಲ್ಲ ಕಳಚಿ ಟ್ರೈಲರಿನ ಮೇಲೆ ಪಥಕ್ಕೆ ಒಯ್ಯುವುದು ಮೂರನೆಯದು. ಇದರ ಮುಂದಿನ ಹಂತ ಪಂದ್ಯವೇ: ಅಮೆರಿಕದ ಸ್ಪೆಕ್ ಮಿಯಾಟ ವರ್ಗದಲ್ಲಿ ಸಸ್ಪೆನ್ಷನ್, ಟಯರುಗಳನ್ನು ನಿಯಮದಿಂದ ಗೊತ್ತುಪಡಿಸಿರುವುದರಿಂದ ಹಣಕ್ಕಿಂತ ಚಾಲಕನ ಕೌಶಲ ನಿರ್ಣಾಯಕವಾಗುವುದು.

ಪ್ರಸ್ತುತ ಸ್ಥಿತಿ

ಲೋಟಸ್ ಎಲೀಸಿನ ತಯಾರಿಕೆ 2021ರಲ್ಲಿ ನಿಂತಿತು. ಎಂಎಕ್ಸ್-5ರ 2015ರ ನಾಲ್ಕನೆಯ ಪೀಳಿಗೆಯಾದರೋ ಸುರಕ್ಷತಾ ನಿಯಮಗಳ ಹೊರೆಯ ನಡುವೆಯೂ ಜಪಾನಿನ ಅತಿ ಹಗುರ ಮಾದರಿಯಲ್ಲಿ 990 ಕಿಲೋಗ್ರಾಂ ಮಾತ್ರ ತೂಗಿತು. ಹಳೆಯ ಕಾರುಗಳ ಬೆಲೆ ಏರುತ್ತಿರುವುದರಿಂದ, ಒಂದು ಕಾಲಕ್ಕೆ ಚಿಂತೆಯಿಲ್ಲದೆ ಕತ್ತರಿಸಿ ಬೆಸೆಯುತ್ತಿದ್ದ ಮೊದಲ ಪೀಳಿಗೆಯನ್ನು ಈಗ ಅನೇಕರು ಮೂಲಸ್ಥಿತಿಗೆ ಮರಳಿಸುತ್ತಿದ್ದಾರೆ. ಮಾಜ್ದಾ ಸಂಸ್ಥೆಯೂ ಜಪಾನಿನಲ್ಲಿ ಇದಕ್ಕೆಂದು ಪುನರುದ್ಧಾರ ಸೇವೆಯನ್ನು ಏರ್ಪಡಿಸಿ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿದೆ.

ಭಾರತದಲ್ಲಿ ಎಂಎಕ್ಸ್-5ರ ಅಧಿಕೃತ ಮಾರಾಟ ನಡೆಯಲಿಲ್ಲ. ಬೆಂಗಳೂರಿನ ಸ್ಯಾನ್ ಸಮೂಹವು ಗೋವೆಯಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್, ಫೈಬರ್‌ಗ್ಲಾಸ್ ಮೈಯೂ ರೆನೊ ಸಂಸ್ಥೆಯ 1.2 ಲೀಟರಿನ ಇಂಜಿನ್ನೂ ಉಳ್ಳ ಎರಡಾಸನದ ತೆರೆದ ಕಾರಾಗಿ, ಈ ಜಾತಿಗೆ ಸೇರಿದ ವಿರಳ ದೇಶೀಯ ಪ್ರಯತ್ನವಾಗಿದ್ದಿತು. ಅದು ಅಲ್ಪಸಂಖ್ಯೆಯಲ್ಲಿಯೇ ಉಳಿಯಿತು. ಇಲ್ಲಿನ ಟ್ರ್ಯಾಕ್ ಡೇಗಳಲ್ಲಿ ಸ್ವಿಫ್ಟ್, ಪೋಲೊ ಮೊದಲಾದ ಹಗುರ ಹ್ಯಾಚ್‌ಬ್ಯಾಕುಗಳೇ ಆ ಸ್ಥಾನವನ್ನು ತುಂಬುತ್ತಿವೆ, ಮೇಲೆ ಹೇಳಿದ ಬ್ರೇಕು ಟಯರುಗಳ ತತ್ತ್ವಗಳು ಅವಕ್ಕೂ ಅನ್ವಯಿಸುತ್ತವೆ. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ತೆರೆದ 3.7 ಕಿಲೋಮೀಟರ್ ಉದ್ದದ ಮದರಾಸು ಪಂದ್ಯಪಥ, ಕೊಯಮತ್ತೂರಿನ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ 5.125 ಕಿಲೋಮೀಟರಿನ ಬುದ್ಧ ಅಂತರರಾಷ್ಟ್ರೀಯ ಪಥ ಇವು ಪ್ರಮುಖವಾದವು. ಬೆಂಗಳೂರಿನ ಕಾರುಪ್ರಿಯರಿಗೆ ಮೊದಲೆರಡು ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿವೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿಷೇಧಿಸುವ ಕಾರಣ, ರೋಲ್ ಬಾರ್, ಇಂಜಿನ್ ಬದಲಾವಣೆ ಮುಂತಾದ ಪರಿವರ್ತನೆಗಳನ್ನು ಹೊಂದಿದ ಕಾರುಗಳನ್ನು ಇಲ್ಲಿ ಸಾಮಾನ್ಯವಾಗಿ ಟ್ರೈಲರಿನ ಮೇಲೆಯೇ ಪಥಕ್ಕೆ ಸಾಗಿಸಲಾಗುತ್ತದೆ.